ಮೊದಲು ಆ ಮಿಕ್ಸ್ ನಾಬ್ ಪೂರ್ತಿ ತಿರುಗಿಸಿ

ಮಿಕ್ಸರ್‌ನ ಆಕ್ಸ್‌ನಲ್ಲಿ (ಸದ್ದಿನ ಒಂದು ಪಾಲನ್ನು ಹೊರಗಿನ ಎಫೆಕ್ಟ್‌ಗೆ ಕಳಿಸುವ ದಾರಿ) ಸ್ಟೀರಿಯೊ ಡಿಲೇ, ಅಂದರೆ ಎಡ ಬಲಕ್ಕೆ ಎಕೋ ಕೊಡುವ ಪೆಡಲ್ ಹಾಕಿದ ಮೇಲೆ ಗಿಟಾರ್ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತಿದೆ, ಇಕ್ಯೂ (ಲೋ, ಹೈ ಏರಿಳಿಸುವ ನಾಬ್‌ಗಳು) ತಿರುಗಿಸಿ ಸಾಕಾಯ್ತು ಅಂತ ಬರೆದಿದ್ದೀರಿ. ನಿಮ್ಮ ಫೋಟೊದಲ್ಲಿ ಪೆಡಲ್‌ನ ಮಿಕ್ಸ್ ನಾಬ್ (ಮೂಲ ಸದ್ದು ಎಷ್ಟು, ಎಕೋ ಎಷ್ಟು ಅಂತ ಹದ ಮಾಡುವುದು) ಸರಿಯಾಗಿ ನಡುವೆ ನಿಂತಿದೆ. ಎಡವಟ್ಟು ಅಲ್ಲೇ ಇದೆ, ಇಕ್ಯೂ ಬಿಡಿ.

ನಾನೂ ಇದನ್ನೇ ಮಾಡಿಕೊಂಡು ಒಂದಿಡೀ ರಾತ್ರಿ ಕೇಬಲ್ ಬದಲಾಯಿಸುತ್ತಾ ಕೂತಿದ್ದೆ. ಜ್ಯಾಕ್ ಬಿಚ್ಚಿ ಬೆಸುಗೆ ಕೂಡ ಹಾಕಿದೆ! ಬೆಳಗಿನ ಜಾವ ಸುಮ್ನೆ ಮಿಕ್ಸ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಗಿಟಾರ್ ಮೈದುಂಬಿಕೊಂಡು ವಾಪಸ್ ಬಂತು. ಡ್ರೈ ಸದ್ದು, ಅಂದರೆ ಎಫೆಕ್ಟ್ ಇಲ್ಲದ ಮೂಲ ಗಿಟಾರ್, ಮಿಕ್ಸರ್ ಚಾನೆಲ್‌ನಲ್ಲಿ ಹೇಗೂ ಹೋಗುತ್ತಿರುತ್ತದೆ ಅಲ್ವಾ? ಕೆಲವು ಡಿಜಿಟಲ್ ಪೆಡಲ್‌ಗಳು ಅದನ್ನೇ ಚೂರು ತಡವಾಗಿ ಇನ್ನೊಮ್ಮೆ ತಂದು ಬೆರೆಸುತ್ತವೆ. ತಡ 1 ಮಿಲಿಸೆಕೆಂಡ್ ಇದ್ದರೆ 500, 1500, 2500 ಹರ್ಟ್ಜ್‌ಗಳಲ್ಲಿ ಎರಡೂ ಒಂದನ್ನೊಂದು ಅಳಿಸಿ ಸದ್ದು ಮಾಯವಾಗುತ್ತದೆ. ಅದನ್ನು ಯಾವ ಇಕ್ಯೂ ತುಂಬಿಕೊಡುತ್ತದೆ? ಸ್ಟ್ರೈಮನ್ ಟೈಮ್‌ಲೈನ್, ಈವೆಂಟೈಡ್ ಟೈಮ್‌ಫ್ಯಾಕ್ಟರ್ ಡಿಲೇ ಪೆಡಲ್‌ಗಳಲ್ಲಿ ಇದಕ್ಕೇ ಕಿಲ್ ಡ್ರೈ (ಮೂಲ ಸದ್ದನ್ನು ಪೂರ್ತಿ ಮುಚ್ಚುವ ಸೆಟ್ಟಿಂಗ್) ಇದೆ. ಆ ಸೆಟ್ಟಿಂಗ್ ಇಲ್ಲದೆ, ಮಿಕ್ಸ್ ಕೂಡ ಪೂರ್ತಿ ವೆಟ್ (ಬರೀ ಎಕೋ) ಆಗದ ಪೆಡಲ್ ಆಕ್ಸ್‌ಗೆ ಲಾಯಕ್ಕಿಲ್ಲ, ಎಷ್ಟು ಬಣ್ಣದ ಲೈಟ್ ಇದ್ದರೂ ಅಷ್ಟೇ.

ಇನ್ನು ರಿಟರ್ನ್, ಅಂದರೆ ಪೆಡಲ್‌ನಿಂದ ಮಿಕ್ಸರ್‌ಗೆ ವಾಪಸ್ ಬರುವ ಸದ್ದು. ಅದನ್ನು ಸ್ಟೀರಿಯೊ ರಿಟರ್ನ್ ಜ್ಯಾಕ್‌ಗೆ ತುರುಕಬೇಡಿ, ಎರಡು ಮಾಮೂಲಿ ಚಾನೆಲ್‌ಗೆ ತನ್ನಿ. ಒಂದು ಎಡಕ್ಕೆ ಪ್ಯಾನ್, ಒಂದು ಬಲಕ್ಕೆ. ಪೆಡಲ್ ಪಿಂಗ್‌ಪಾಂಗ್‌ನಲ್ಲಿರಲಿ (ಎಕೋ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ), ಫೀಡ್‌ಬ್ಯಾಕ್, ಅಂದರೆ ಎಕೋ ಮರುಕಳಿಸುವುದು, ಎರಡು ಮೂರು ಹೊಡೆತಕ್ಕೆ ಸಾಕು. ಈಗ ಬಲ ಚಾನೆಲ್‌ನಲ್ಲಿ ಅದೇ ಆಕ್ಸ್ ಸೆಂಡ್ (ಆಕ್ಸ್‌ಗೆ ಸದ್ದು ಕಳಿಸುವ ನಾಬ್) ಒಂದು ಕೂದಲೆಳೆ ಎತ್ತಿ. ಬಲಕ್ಕೆ ಬಿದ್ದ ಹೊಡೆತ ಮಾತ್ರ ಪೆಡಲ್‌ಗೆ ಮರಳಿ ಹೋಗಿ ಹೊಸ ಸಾಲು ಶುರು ಮಾಡುತ್ತದೆ. ಆ ಚಾನೆಲ್‌ನ ಲೋ, ಹೈ ಎರಡನ್ನೂ ಇಳಿಸಿದರೆ ಪ್ರತಿ ಸುತ್ತಿಗೂ ಸದ್ದು ಸವೆಯುತ್ತಾ, ಹಳೇ ಟೇಪ್ ಥರ ಮಬ್ಬಾಗುತ್ತದೆ. ನನಗೆ ಹುಚ್ಚು ಹಿಡಿಸಿದ್ದು ಇದೇ.

ಆದರೆ ಜೋಕೆ. ಸೆಂಡ್ ಜಾಸ್ತಿ ಆದರೆ ಕೂಗು ಶುರುವಾಗುತ್ತದೆ, ಹೆಡ್‌ಫೋನ್‌ನಲ್ಲಂತೂ ಮಾಡಲೇಬೇಡಿ. ಬಲ ಚಾನೆಲ್‌ನ ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಮೇಲೆ ಬೆರಳು ಇರಲಿ. ಆಕ್ಸ್ ಪೋಸ್ಟ್ ಫೇಡರ್, ಅಂದರೆ ಫೇಡರ್ ದಾಟಿದ ಸದ್ದನ್ನು ಕಳಿಸುವ ಹಾಗೆ ಇರಲೇಬೇಕು. ಪ್ರೀ (ಫೇಡರ್‌ಗೂ ಮುಂಚಿನ ಸದ್ದು) ಇದ್ದರೆ ಫೇಡರ್ ಪೂರ್ತಿ ಇಳಿಸಿದರೂ ಸುತ್ತು ನಿಲ್ಲುವುದಿಲ್ಲ. ಆಕ್ಸ್ ಔಟ್ ಲೈನ್ ಲೆವೆಲ್, ಗಿಟಾರ್‌ಗಿಂತ ಜೋರು, ಎಲ್ಲ ಪೆಡಲ್‌ಗಳೂ ಅಷ್ಟು ತಡೆದುಕೊಳ್ಳುವುದಿಲ್ಲ. ಮಾಸ್ಟರ್ ಸೆಂಡ್ (ಆಕ್ಸ್‌ನ ಒಟ್ಟು ಲೆವೆಲ್) ಕೆಳಗಿಂದ ಎತ್ತುತ್ತಾ ಹೋಗಿ.

ಡಿಲೇ ಪೆಡಲ್‌ನ ಬಲ ಔಟ್‌ಗೆ ಮಾತ್ರ ಡ್ರೈವ್ ಪೆಡಲ್ (ಸದ್ದನ್ನು ಒರಟು ಮಾಡುವುದು) ಹಾಕಿದರೂ ಮಜಾ ಇದೆ. ಒಂದು ಹೊಡೆತ ಸ್ವಚ್ಛ, ಮುಂದಿನದು ಕೊಳಕು. ಡ್ರೈವ್ ಪೆಡಲ್ ಸದ್ದನ್ನು ಅದುಮುವುದರಿಂದ ಎಕೋ ಬೇಗ ಸಾಯುವುದಿಲ್ಲ, ಅದರ ಲೆವೆಲ್ ಕಮ್ಮಿ ಇಡಿ.

ಪೆಡಲ್‌ನ ಎರಡು ಔಟ್‌ಗಳನ್ನು ಎರಡು ಆ್ಯಂಪ್‌ಗೆ ಕೊಟ್ಟು ಹಮ್ (ಗುಂಯ್ ಸದ್ದು) ಬಂದರೆ ಒಂದು ಬದಿಗೆ ಟ್ರಾನ್ಸ್‌ಫಾರ್ಮರ್ ಐಸೊಲೇಟರ್ (ಎರಡರ ಅರ್ಥ್ ಬೇರ್ಪಡಿಸುವ ಡಬ್ಬಿ) ಹಾಕಿ. ಹಮ್ ನಿಲ್ಲಿಸಲು ಪ್ಲಗ್‌ನ ಅರ್ಥ್ ಪಿನ್ ಕೀಳುವವರನ್ನು ನೋಡಿದ್ದೇನೆ, ಗಿಟಾರ್ ತಂತಿ ಹಿಡಿದ ಕೈಯಲ್ಲಿ ಅಂಥ ಆಟ ಬೇಡ. ಅಡಾಪ್ಟರ್ ವಿಷಯದಲ್ಲೂ ಜಿಪುಣತನ ಬೇಡ, ಟೈಮ್‌ಲೈನ್ ಒಂದಕ್ಕೇ 300 ಮಿಲಿಆಂಪ್ ಬೇಕು.

ಎಡ ಬಲಕ್ಕೆ ಬೇರೆ ಡಿಲೇ ಟೈಮ್ ಬೇಕಿದ್ದರೆ 60000 ಅನ್ನು ಬಿಪಿಎಂನಿಂದ (ಹಾಡಿನ ವೇಗ, ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿ. 120ಕ್ಕೆ ಎಡ 500 ಮಿಲಿಸೆಕೆಂಡ್, ಬಲ ಅದರ ಮುಕ್ಕಾಲು, 375. ಎರಡೂ ಹತ್ತಿರ ಹತ್ತಿರ, 10-20 ಮಿಲಿಸೆಕೆಂಡ್ ಅಂತರದಲ್ಲಿ ಇಟ್ಟು ಸದ್ದು ಅಗಲ ಮಾಡುವುದಾದರೆ ಒಮ್ಮೆ ಮೋನೊ (ಎಡ ಬಲ ಒಂದಾಗಿಸುವ ಬಟನ್) ಒತ್ತಿ ಕೇಳಿ. ಮತ್ತೆ ಡಬ್ಬದ ಸದ್ದು ಬಂದರೆ ಈ ಸಲ ತಪ್ಪು ಮಿಕ್ಸ್ ನಾಬ್‌ದಲ್ಲ, ಆ ಹತ್ತಿರದ ಟೈಮ್‌ಗಳದ್ದು.