ಎರಡನೆಯ ಗೇರಿನಲ್ಲೇ ಮುಗಿಯುವ ಹೆದ್ದಾರಿ

ಕಳೆದ ಸಂಚಿಕೆಯಲ್ಲಿ ನನ್ನ ಹಳೆಯ ಪೋರ್ಷೆ 911 ಕಾರಿನ ವಿಚಾರವಾಗಿ ಎರಡು ಸಾಲು ಬರೆದದ್ದೇ ತಡ, ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಕುರಿತು ಬಂದಿವೆ. ಹೀಗಾಗಿ ಟ್ರ್ಯಾಕ್ಟರ್ ಗೇರುಬಾಕ್ಸು, ಡೀಸೆಲ್ ಪಂಪುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಈ ಸಲ ಪುಟವನ್ನೆಲ್ಲ ಸ್ಪೋರ್ಟ್ಸ್ ಕಾರುಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಪೋರ್ಷೆ 911 ಒಂದನ್ನು ನೋಡಿಕೊಂಡು ಬಂದಿದ್ದಾನೆ. ದುಡ್ಡಿಗೆ ತೊಂದರೆಯಿಲ್ಲ. ಆದರೆ ನಮ್ಮ ಹೆದ್ದಾರಿಯಲ್ಲಿ ನೂರರ ಮೇಲೆ ಹೋಗುವಂತಿಲ್ಲ, ಊರೊಳಗೆ ನಲವತ್ತು ಮುಟ್ಟುವುದೇ ಕಷ್ಟ. ಹೀಗಿರುವಾಗ ಮುನ್ನೂರರ ಹತ್ತಿರ ಹೋಗುವ ಗಾಡಿಯಿಂದ ದಿನನಿತ್ಯ ಸಿಗುವ ಸುಖವಾದರೂ ಏನು? ನಾಲ್ಕು ಜನ ನೋಡಲಿ ಎಂಬುದನ್ನು ಬಿಟ್ಟರೆ ಬೇರೇನಾದರೂ ಇದೆಯೇ?
— ಅಡಿಕೆ ವ್ಯಾಪಾರಿ, ಭೀಮಸಮುದ್ರ

ಉತ್ತರ: ಯಜಮಾನರೇ, ತಮ್ಮ ಲೆಕ್ಕ ಸರಿಯಾಗಿಯೇ ಇದೆ. ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಎಂಬ ಗರಿಷ್ಠ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿತು. ನನ್ನ 2012ರ ಗಾಡಿಯಲ್ಲಿ ಏಳು ಗೇರುಗಳಿವೆ. ಆ ಮಿತಿ ಎರಡನೆಯ ಗೇರಿನಲ್ಲೇ, ನಿಂತಲ್ಲಿಂದ ಐದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಉಳಿದ ಐದು ಗೇರುಗಳು ಪೆಟ್ರೋಲ್ ಉಳಿಸುವುದಕ್ಕೆಂದೇ ಇವೆ ಎಂದು ತಿಳಿಯಿರಿ. ವೇಗಕ್ಕಾಗಿಯೇ ಈ ಗಾಡಿಯನ್ನು ತೆಗೆದುಕೊಳ್ಳುವುದಾದರೆ ತಮ್ಮ ಮಗ ಆರು ತಿಂಗಳಲ್ಲಿ ಅದನ್ನು ಮಾರುತ್ತಾನೆ, ಇಲ್ಲವೇ ಅದಕ್ಕಿಂತ ಮೊದಲೇ ಯಾವುದಾದರೂ ಲಾರಿಯ ಹಿಂಭಾಗ ಕಾಣುತ್ತಾನೆ.

ನಾಲ್ಕು ಜನ ನೋಡುವ ಸುಖ ಇಲ್ಲವೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಮೊದಲ ಮೂರು ತಿಂಗಳು ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನ ಹುಡುಗರು ಮೊಬೈಲು ತೆಗೆದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆಮೇಲೆ ಊರಿಗೆ ಗಾಡಿಯ ಗುರುತು ಸಿಕ್ಕಿತು, ನೋಡುವವರು ನೋಡುವುದನ್ನು ಬಿಟ್ಟರು. ಅದು ಬಿಟ್ಟುಹೋದ ಮೇಲೆ ಉಳಿದದ್ದೇನೆಂದು ತಾವು ಕೇಳುತ್ತಿರುವುದಾಗಿ ಭಾವಿಸಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನ ಮಟ್ಟಿಗೆ ಸುಖ ಗಾಡಿ ಕದಲುವ ಮೊದಲೇ ಶುರುವಾಗುತ್ತದೆ. 911ರಲ್ಲಿ ಕೀಲಿಕೈ ಹಾಕುವ ಜಾಗ ಬಾಗಿಲ ಕಡೆಗಿದೆ, ಅಂದರೆ ನಮ್ಮ ದೇಶದ ಗಾಡಿಯಲ್ಲಿ ಸ್ಟೀರಿಂಗಿನ ಬಲಕ್ಕೆ. ಫ್ರಾನ್ಸಿನ ಲ ಮಾನ್ ಕಾರು ಓಟದಲ್ಲಿ ಚಾಲಕರು ರಸ್ತೆಯ ಆಚೆಯಿಂದ ಓಡಿಬಂದು ಗಾಡಿ ಹತ್ತಬೇಕಾಗಿದ್ದ ಕಾಲದಲ್ಲಿ, ಒಂದು ಕೈ ಕೀಲಿ ತಿರುಗಿಸುವಾಗಲೇ ಇನ್ನೊಂದು ಕೈ ಗೇರು ಹಾಕಿದರೆ ಒಂದು ಕ್ಷಣ ಉಳಿಯುತ್ತದೆಂದು ಹೀಗೆ ಇಟ್ಟರೆಂಬ ಮಾತು ಪೋರ್ಷೆ ಇಟ್ಟುಕೊಂಡವರಲ್ಲಿ ಇದೆ. ಹಾಲಿನವನು ಬರುವ ಮುಂಚೆ ಎದ್ದು ಸುಮ್ಮನೆ ಒಂದು ಸುತ್ತು ಹೊರಡುವ ನನಗೆ ಆ ಕ್ಷಣ ಉಳಿದು ಆಗಬೇಕಾದದ್ದೇನೂ ಇಲ್ಲ. ಆದರೂ ಬೇರೆ ಯಾವ ಗಾಡಿಯಲ್ಲೂ ಮಾಡದ ಒಂದು ಕೆಲಸವನ್ನು ಬಲಗೈ ದಿನವೂ ಮಾಡುತ್ತದಲ್ಲ, ಅದು ಹಿತವಾಗಿರುತ್ತದೆ. ಇಂಜಿನ್ ಬೆನ್ನ ಹಿಂದಿನಿಂದ ಒಮ್ಮೆ ಗುಡುಗಿ, ತಣ್ಣಗಿರುವಾಗ ನಿಮಿಷವೊಂದರಷ್ಟು ಏರುದನಿಯಲ್ಲಿದ್ದು, ಆಮೇಲೆ ತಾನಾಗಿ ತಗ್ಗುತ್ತದೆ. ನಮ್ಮ ಬೀದಿಯ ಒಂದು ಕಂದು ನಾಯಿ ಮಾತ್ರ ಇದಕ್ಕೆ ಇಂದಿಗೂ ಒಗ್ಗಿಕೊಂಡಿಲ್ಲ.

ಆ ದನಿಗೂ ಕಾರಣವಿದೆ. ಸಾಮಾನ್ಯ ಕಾರುಗಳಲ್ಲಿ ಪಿಸ್ಟನ್‌ಗಳು ನೆಟ್ಟಗೆ ನಿಂತು ಮೇಲೆ ಕೆಳಗೆ ಆಡುತ್ತವೆ. 911ರಲ್ಲಿ ಆರು ಪಿಸ್ಟನ್‌ಗಳು ಮೂರು ಮೂರರಂತೆ ಎರಡು ಕಡೆ ಅಡ್ಡ ಮಲಗಿವೆ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಜಟ್ಟಿಗಳು ಎದುರುಬದುರು ನಿಂತು ಒಟ್ಟಿಗೆ ನುಗ್ಗಿ ಒಟ್ಟಿಗೆ ಹಿಂದೆ ಸರಿದಂತೆ ಇವು ಆಡುತ್ತವೆ. ಒಬ್ಬರ ಅದುರನ್ನು ಇನ್ನೊಬ್ಬರು ತಿನ್ನುವುದರಿಂದ ಇಂಜಿನ್ ನಯವಾಗಿ ತಿರುಗುತ್ತದೆ, ಭಾರವೂ ನೆಲಕ್ಕೆ ಹತ್ತಿರವಿರುತ್ತದೆ. ಆದರೆ ಇಡೀ ಇಂಜಿನ್ ಹಿಂದಿನ ಗಾಲಿಗಳಿಗಿಂತಲೂ ಹಿಂದೆ ತೂಗುತ್ತಿರುವುದರಿಂದ ಗಾಡಿಯ ಮೂತಿ ಹಗುರ, ಬಾಲ ಭಾರ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ತೋರಿಸಿದಂದಿನಿಂದ ಈ ವಿಚಿತ್ರ ಜೋಡಣೆಯನ್ನು ಪೋರ್ಷೆಯವರು ಬಿಟ್ಟಿಲ್ಲ.

ಹೊರಟ ಕೂಡಲೇ ಇಂಜಿನನ್ನು ಜೋರಾಗಿ ತಿರುಗಿಸುವಂತಿಲ್ಲ. ಆಯಿಲ್ ಎಂಬತ್ತು ತೊಂಬತ್ತು ಡಿಗ್ರಿಗೆ ಬರುವ ತನಕ ಕಾಯಬೇಕು, ಅದನ್ನು ತೋರಿಸಲು ಒಂದು ಮುಳ್ಳೇ ಇದೆ. ನಾನು ಹರಿಹರದ ಕಡೆಗೆ ಹೊರಟರೆ ತುಂಗಭದ್ರೆಯ ಸೇತುವೆ ಕಾಣುವ ಹೊತ್ತಿಗೆ ಮುಳ್ಳು ತನ್ನ ಜಾಗಕ್ಕೆ ಬಂದಿರುತ್ತದೆ. ಆ ಹದಿನಾಲ್ಕು ಕಿಲೋಮೀಟರು ಅರವತ್ತರ ಆಸುಪಾಸಿನಲ್ಲಿ ಸಾಗುವುದು ಶಿಕ್ಷೆಯೆಂದು ಆರಂಭದಲ್ಲಿ ಅನ್ನಿಸಿತ್ತು. ಈಗ ಅದೇ ದಿನದ ಅತ್ಯಂತ ಸಮಾಧಾನದ ಹೊತ್ತು.

ಇನ್ನು ಸ್ಟೀರಿಂಗ್. ಇದನ್ನು ಮಾತಿನಲ್ಲಿ ಹೇಳುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಸಂತೇಬೆನ್ನೂರಿನ ಮೇಲೆ ಚನ್ನಗಿರಿಯ ಕಡೆಗೆ ಹೋಗುವಾಗ ಸೂಳೆಕೆರೆಯ ಸುತ್ತಮುತ್ತ ರಸ್ತೆ ತೋಟಗಳ ನಡುವೆ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಅಲ್ಲಿ ಐವತ್ತರಲ್ಲಿ ಹೋದರೂ, ಡಾಂಬರು ಹೊಸದೋ ಹಳೆಯದೋ, ತೋಟದ ನೀರು ಹರಿದು ಒದ್ದೆಯಾಗಿದೆಯೋ, ರಸ್ತೆ ಯಾವ ಕಡೆಗೆ ವಾಲಿದೆ ಎಂಬುದೆಲ್ಲ ಅಂಗೈಗೆ ತಿಳಿಯುತ್ತದೆ. ತಿರುವಿಗೆ ಮುಂಚೆ ಬ್ರೇಕು ಒತ್ತಿದಾಗ ಹಗುರವಾದ ಮೂತಿಗೆ ಭಾರ ಬಂದು ಅದು ನೆಲ ಕಚ್ಚುತ್ತದೆ. ತಿರುವು ಅರ್ಧ ಮುಗಿದ ಮೇಲೆ ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟರೆ ಬಾಲದ ಭಾರವೇ ಹಿಂದಿನ ಗಾಲಿಗಳನ್ನು ನೆಲಕ್ಕೆ ಅದುಮಿ ಗಾಡಿಯನ್ನು ತಿರುವಿನಿಂದ ಮುಂದಕ್ಕೆ ನೂಕುತ್ತದೆ. ಈ ಕ್ರಮವನ್ನು ತಪ್ಪಿಸಿ, ತಿರುವಿನ ನಡುವೆ ಹೆದರಿ ಕಾಲು ತೆಗೆದರೆ ಬಾಲ ಬೀಸಬಹುದು ಎಂಬುದನ್ನು ಮಗನಿಗೆ ಮರೆಯದೆ ಹೇಳಿ. ಒಂದು ತಿರುವನ್ನು ಸರಿಯಾಗಿ ತೆಗೆದುಕೊಂಡ ತೃಪ್ತಿಗೆ ವೇಗ ಬೇಕಾಗಿಲ್ಲ, ಕೆಲಸ ಕ್ರಮವಾಗಿ ಆಗಬೇಕು ಅಷ್ಟೆ. ಅಡಿಕೆ ಸುಲಿಯುವವರ ಕೈ ನೋಡಿ ಬೆಳೆದ ತಮಗೆ ಇದು ಅರ್ಥವಾಗದಿರದು.

ಊರೊಳಗೆ ಓಡಿಸುವ ಚಿಂತೆ ಬೇಡ. ನನ್ನ ಗಾಡಿಯ ಅಗಲ 1,808 ಮಿ.ಮೀ., ಇನ್ನೋವಾ ಕ್ರಿಸ್ಟಾದ ಅಗಲ 1,830. ಸಾಲದ್ದಕ್ಕೆ, ಕೂತಲ್ಲಿಂದ ಎರಡೂ ಮುಂದೀಪಗಳ ಮೇಲಿನ ಉಬ್ಬು ಕಾಣುವುದರಿಂದ ಗಾಡಿಯ ಮೂಲೆ ಎಲ್ಲಿದೆಯೆಂದು ಊಹಿಸಬೇಕಾಗಿಲ್ಲ. ಕೊಳ್ಳುವ ಮುನ್ನ ಮಾತ್ರ ಬೆಂಗಳೂರಿನ ಅಧಿಕೃತ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹಾಕಿಸಿ ನೋಡಿಸಿ. ಇಂಜಿನನ್ನು ಮಿತಿ ಮೀರಿ ತಿರುಗಿಸಿದ್ದರೆ ಅದರ ದಾಖಲೆ ಗಾಡಿಯೊಳಗೇ ಉಳಿದಿರುತ್ತದೆ, ಮಾರುವವರ ಬಾಯಿಮಾತು ಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಎರಡು ವರ್ಷದ ಹಿಂದೆ ಆಸೆಪಟ್ಟು ಇಂಥದೇ ಕಾರು ತಂದರು. ಈಗ ಅದು ಹೊದಿಕೆಯ ಒಳಗೇ ಇರುತ್ತದೆ. ಭಾನುವಾರಕ್ಕೊಮ್ಮೆ ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ, ಆಯುಧಪೂಜೆಗೆ ಹೊರಗೆ ತೆಗೆಯುತ್ತಾರೆ. ಇದರಿಂದ ಗಾಡಿ ಬಾಳುತ್ತದೆಯೇ?
— ಉಪನ್ಯಾಸಕಿ, ಚಿತ್ರದುರ್ಗ

ಉತ್ತರ: ಬಾಳುವುದಿಲ್ಲ, ಮೇಡಂ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತದೆ. ನಿಂತಲ್ಲೇ ಹತ್ತು ನಿಮಿಷ ಗುರುಗುಟ್ಟಿಸಿದರೆ ಆಯಿಲ್ ಕಾಯದೆ, ಆ ನೀರೂ ಉರಿಯದ ಪೆಟ್ರೋಲೂ ಆಯಿಲಿಗೆ ಸೇರುತ್ತವೆ, ಸೈಲೆನ್ಸರಿನಲ್ಲಿ ತುಕ್ಕು ಹಿಡಿಯುತ್ತದೆ. ಹೀಗೆ ಸ್ಟಾರ್ಟ್ ಮಾಡುವುದಕ್ಕಿಂತ ಮಾಡದಿರುವುದೇ ಮೇಲು. ಒಂದೇ ಕಡೆ ನಿಂತ ಟೈರುಗಳು ನೆಲ ಮುಟ್ಟಿದಲ್ಲಿ ಚಪ್ಪಟೆಯಾಗುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, ನೋಡಿ: 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದರ್ಥ. ಆರು ವರ್ಷ ದಾಟಿದ್ದರೆ, ಮೇಲ್ಮೈಯ ಅಚ್ಚು ಹೊಸದರಂತೆ ಕಂಡರೂ ಬದಲಾಯಿಸುವುದೇ ಕ್ಷೇಮ.

ಬ್ಯಾಟರಿಯ ವಿಚಾರದಲ್ಲಿ ನಾನೇ ಪಾಠ ಕಲಿತಿದ್ದೇನೆ. ಕಳ್ಳಗಂಟೆ (ಅಲಾರಂ) ಮುಂತಾದವು ನಿಂತ ಗಾಡಿಯಲ್ಲೂ ಸ್ವಲ್ಪ ಸ್ವಲ್ಪ ಕರೆಂಟು ಹೀರುತ್ತಿರುತ್ತವೆ. ಒಮ್ಮೆ ಒಂದು ತಿಂಗಳು ಪರಸ್ಥಳಕ್ಕೆ ಹೋಗಿ ಬಂದಾಗ ಬ್ಯಾಟರಿ ಪೂರ್ತಿ ಸತ್ತಿತ್ತು. 911ರ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯೊಳಗೆ. ಆ ಡಿಕ್ಕಿ ತೆರೆಯುವುದೋ, ಬ್ಯಾಟರಿಯ ಕರೆಂಟಿನಿಂದ! ಕೊಟ್ಟಿಗೆಯ ಬೀಗದ ಕೈಯನ್ನು ಕೊಟ್ಟಿಗೆಯೊಳಗಿಟ್ಟು ಬಾಗಿಲೆಳೆದುಕೊಂಡಂತೆ ನಾನು ನಿಂತಿದ್ದೆ. ಫ್ಯೂಸ್ ಪೆಟ್ಟಿಗೆಯಲ್ಲಿ ಇದಕ್ಕಾಗಿಯೇ ಒಂದು ತುದಿ ಕೊಟ್ಟಿದ್ದಾರೆ, ಹೊರಗಿನ ಬ್ಯಾಟರಿಯನ್ನು ಅಲ್ಲಿಗೆ ಜೋಡಿಸಿದರೆ ಡಿಕ್ಕಿ ತೆರೆಯುತ್ತದೆ ಎಂಬುದು ಅರ್ಧ ದಿನ ಪುಸ್ತಕ ತಿರುವಿದ ಮೇಲೆ ತಿಳಿಯಿತು. ಬ್ಯಾಟರಿಯ ಚಾರ್ಜನ್ನು ಕಾಪಾಡುವ ಸಣ್ಣ ಚಾರ್ಜರ್ ಒಂದನ್ನು ತರಿಸಿ ಗೋಡೆಗೆ ಜೋಡಿಸಿಡಿ.

ಆದರೆ ನಿಜವಾದ ಔಷಧಿ ಓಡಿಸುವುದೇ. ವಾರಕ್ಕೊಮ್ಮೆ ಅವರನ್ನು ಎಬ್ಬಿಸಿ ಹಿರಿಯೂರಿನ ತನಕ, ಮನಸ್ಸಿದ್ದರೆ ಅಲ್ಲಿಂದ ಮಾರಿಕಣಿವೆಗೆ ಕರೆದುಕೊಂಡು ಹೋಗಿ. ಹೋಗುತ್ತ ನಲವತ್ತು ಕಿಲೋಮೀಟರಿಗೆ ಆಯಿಲ್ ಪೂರ್ತಿ ಕಾಯುತ್ತದೆ, ಬರುವಾಗ ಸ್ಟೀರಿಂಗ್ ನೀವು ಹಿಡಿಯಿರಿ. ಅವರು ಹೆದರುತ್ತಿರುವುದು ಗೀಚು ಬೀಳುತ್ತದೆಂದು. ಮೊದಲ ಗೀಚು ಬಿದ್ದ ಮೇಲೆ ಆ ಭಯ ಹೋಗುತ್ತದೆ, ಇದನ್ನೂ ಅನುಭವದಿಂದಲೇ ಹೇಳುತ್ತಿದ್ದೇನೆ.

ಪ್ರಶ್ನೆ: ಲ್ಯಾಂಬೋರ್ಗಿನಿ ಮೊದಲು ಟ್ರ್ಯಾಕ್ಟರ್ ಕಂಪನಿಯಾಗಿತ್ತೆಂದು ಹಾಸ್ಟೆಲಿನಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ. ನಿಜವೇ ಸರ್?
— ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಜ ತಮ್ಮಾ. ಇಟಲಿಯ ಫೆರುಚ್ಚೊ ಲ್ಯಾಂಬೋರ್ಗಿನಿ 1948ರಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು. ಯುದ್ಧ ಮುಗಿದು ಉಳಿದಿದ್ದ ಯಂತ್ರಗಳ ಬಿಡಿಭಾಗಗಳನ್ನು ಮೊದಮೊದಲು ಬಳಸಿದರು. ಕಾರಿನ ಕಂಪನಿ ಶುರುವಾದದ್ದು 1963ರಲ್ಲಿ. ಅವರ ಹೆಸರಿನ ಟ್ರ್ಯಾಕ್ಟರುಗಳು ಬೇರೆ ಒಡೆತನದಲ್ಲಿ ಇಂದಿಗೂ ತಯಾರಾಗುತ್ತಿವೆ. ಪೋರ್ಷೆ ಹೆಸರಿನಲ್ಲೂ 1963ರವರೆಗೆ ಕೆಂಪು ಬಣ್ಣದ ಟ್ರ್ಯಾಕ್ಟರುಗಳು ಬಂದಿದ್ದವು, ಪಂದ್ಯ ಕಟ್ಟುವುದಾದರೆ ಅದನ್ನೂ ಸೇರಿಸಿಕೋ.

ಪ್ರಶ್ನೆ: ನಮ್ಮ ಕಡೆಯ ರಸ್ತೆ ಉಬ್ಬುಗಳಲ್ಲಿ ಇಂಥ ಗಾಡಿಯ ಹೊಟ್ಟೆ ತಾಗುವುದಿಲ್ಲವೇ? ಪಂಕ್ಚರ್ ಆದರೆ ಗತಿಯೇನು?
— ಓದುಗರು, ಹೊಳಲ್ಕೆರೆ

ಉತ್ತರ: ತಾಗುತ್ತದೆ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿರಬೇಕು. ಹಾಗಿದ್ದರೆ ನನ್ನ ಗಾಡಿ ನಿಧಾನವಾಗಿ ದಾಟುತ್ತದೆ. ಆದರೆ ಹಳ್ಳಿಯವರು ರಾತ್ರೋರಾತ್ರಿ ಹಾಕಿಕೊಂಡ, ಒಂದು ಮೊಳ ಅಗಲದ ಉಬ್ಬುಗಳಿಗೆ ಯಾವ ಅಳತೆಯೂ ಇಲ್ಲ. ಅಂಥಲ್ಲಿ ಗಾಡಿಯನ್ನು ಓರೆ ಮಾಡಿ, ಒಂದೊಂದೇ ಗಾಲಿಯನ್ನು ಹತ್ತಿಸಿ ಇಳಿಸಬೇಕು. ಮುಂದಿನ ಬಂಪರಿನ ಅಡಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ತುಟಿಯೊಂದಿದೆ. ಅದು ಬಾಗುವಂಥದು, ಉಜ್ಜಿದ ಸದ್ದಿಗೆ ಗಾಬರಿಯಾಗಬೇಡಿ. ಹೊಸ 911ಗಳಲ್ಲಿ ಹೆಚ್ಚು ಹಣ ಕೊಟ್ಟರೆ, ಗುಂಡಿ ಒತ್ತಿದಾಗ ಮೂತಿ ಸುಮಾರು 4 ಸೆಂ.ಮೀ. ಮೇಲೇಳುವ ಸೌಲಭ್ಯವಿದೆ.

ಸ್ಟೆಪ್ನಿ ಇರುವುದಿಲ್ಲ. ತೂತು ಮುಚ್ಚುವ ಅಂಟಿನ ಡಬ್ಬಿ, ಗಾಳಿ ತುಂಬುವ ಸಣ್ಣ ಪಂಪು ಇಷ್ಟೇ ಇರುವುದು. ಟೈರಿನ ಪಕ್ಕ ಹರಿದರೆ ಬೆಂಗಳೂರಿನ ತನಕ ಲಾರಿಯ ಮೇಲೆ ಸವಾರಿ. ಪಂಕ್ಚರ್ ಅಂಗಡಿಗೆ ಹೋದಾಗ ಎದುರಿಗೇ ನಿಂತು ಗಾಳಿ ಹಾಕಿಸಿ. ಹಿಂದಿನ ಟೈರುಗಳು ಅಗಲ ಹೆಚ್ಚಿನವು, ಭಾರ ಹೊರುವಂಥವು, ಅವಕ್ಕೆ ಮುಂದಿನವಕ್ಕಿಂತ ಹೆಚ್ಚು ಗಾಳಿ ಬೇಕು. ನಾಲ್ಕಕ್ಕೂ ಒಂದೇ ಅಳತೆ ಹಾಕಿಕೊಟ್ಟ ದಿನ ಇಡೀ ಸಂಜೆ ನನ್ನ ಗಾಡಿ ಬೇರೆ ಯಾರದೋ ಎನ್ನುವಂತೆ ನಡೆದುಕೊಂಡಿತ್ತು. ಪೆಟ್ರೋಲ್ ಹಾಕಿಸುವಾಗಲೂ ಕನಿಷ್ಠ 95 ಆಕ್ಟೇನಿನದನ್ನೇ (ಇಂಜಿನ್ ಕುಟ್ಟುವುದನ್ನು ಪೆಟ್ರೋಲ್ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು) ಕೇಳಿ.

ಪ್ರಶ್ನೆ: ಎಪ್ಪತ್ತೆಂಟು ವರ್ಷದ ನನ್ನ ತಾಯಿಯನ್ನು ಇಂಥ ಗಾಡಿಯಲ್ಲಿ ಕರೆದುಕೊಂಡು ಹೋಗಬಹುದೇ? ಮೊಣಕಾಲು ನೋವಿದೆ.
— ಓದುಗರು, ಜಗಳೂರು

ಉತ್ತರ: ಹೋಗಬಹುದು, ಕೂರಿಸುವ ರೀತಿ ಗೊತ್ತಿರಬೇಕು. ಗಾಡಿಯ ಒಟ್ಟು ಎತ್ತರವೇ 1.3 ಮೀಟರ್, ನಿಂತ ಎಮ್ಮೆಗಿಂತ ಹೆಚ್ಚೇನಿಲ್ಲ. ಬಾಗಿಲನ್ನು ಪೂರ್ತಿ ತೆರೆದು, ಸೀಟನ್ನು ಹಿಂದಕ್ಕೆ ಸರಿಸಿ, ಕಾಲನ್ನು ಮೊದಲು ಒಳಗಿಡದೆ ಗಾಡಿಗೆ ಬೆನ್ನು ಮಾಡಿ ಕೂತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸಬೇಕು. ಸಾಧ್ಯವಾದರೆ ರಸ್ತೆ ಮಟ್ಟಕ್ಕಿಂತ ಒಂದು ಗೇಣು ಎತ್ತರದ ಜಗಲಿಯ ಪಕ್ಕ ನಿಲ್ಲಿಸಬೇಡಿ. ಎತ್ತರದಿಂದ ಇಳಿದು ಕೂರುವುದು ಇನ್ನೂ ಕಷ್ಟ. ನಮ್ಮ ಅವ್ವ ಮೊದಲ ದಿನ "ಇದೇನೋ, ನೆಲದ ಮ್ಯಾಲೆ ಕುಂತಂಗೈತಿ" ಎಂದವಳು ಈಗ ಭಾನುವಾರದ ಬೆಣ್ಣೆದೋಸೆಗೆ ಇನ್ನೊಂದು ಕಾರನ್ನು ಹತ್ತಲು ಒಪ್ಪುವುದಿಲ್ಲ. ಹಿಂದಿನ ಎರಡು ಸೀಟುಗಳು ಮಕ್ಕಳಿಗಷ್ಟೇ ಸಾಕಾಗುವಂಥವು, ದೊಡ್ಡವರನ್ನು ಅಲ್ಲಿ ಕೂರಿಸಲು ಹೋಗಬೇಡಿ. ಬರುವಾಗ ತಾಯಿಯವರು ಮಂಡಕ್ಕಿಯ ದೊಡ್ಡ ಚೀಲ ಕೊಂಡರೆ ಅದನ್ನು ಆ ಸೀಟಿನ ಮೇಲೆ ಹಾಕಿ; ಮುಂದಿನ ಡಿಕ್ಕಿಯಲ್ಲಿ ಅದು ಹಿಡಿಸುವುದಿಲ್ಲ.