ಬೆಲ್ಲದ ಕೇಸ್ ಹಾಕಾವ್ರು ಯಾರ್ರೀ?

ಪ್ರಶ್ನೆ: ಮಹಾಲಿಂಗಪುರ ಕಡೆ ಒಂದ್ ಅಂಗಡ್ಯಾಗ ಫುಡ್ ಆಫೀಸರ್ ಬಂದು ಬೆಲ್ಲದ ಸ್ಯಾಂಪಲ್ ಒಯ್ದಾರ್ರೀ ಸರ, ಪೊಲೀಸರನ್ನ ಕೇಳಿದ್ರ ಇದು ನಮಗ ಬರಂಗಿಲ್ಲ ಅಂತಾರ. ಹಂಗಾರ ಕೇಸ್ ಯಾರ ಕೈಯಾಗ?
(ಒಬ್ಬ ಓದುಗ, ಬಾಗಲಕೋಟೆ ಜಿಲ್ಲೆ)

ಉತ್ತರ: ಪೊಲೀಸರು ಹೇಳಿದ್ದು ಪೂರಾ ಸುಳ್ಳೇನಲ್ರೀ. ಕಲಬೆರಕೆಗೆ 2006ರ ಆಹಾರ ಸುರಕ್ಷತಾ ಕಾಯ್ದೆನೇ ಮೇಲು, ಹಳೇ ಐಪಿಸಿ ಕಲಮು ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರಾಗ ಹೇಳೈತಿ. ಲ್ಯಾಬ್ ರಿಪೋರ್ಟ್ 14 ದಿನದಾಗ ಬರಬೇಕು (ಬಂದ್ರ ನಿಮ್ಮ ಪುಣ್ಯ!), ಅದನ್ನ ನೋಡಿ ಅಂಕಿತ ಅಧಿಕಾರಿ (ಜಿಲ್ಲಾದಾಗ ಫುಡ್ ಆಫೀಸರ್ ಮ್ಯಾಲಿನ ಅಧಿಕಾರಿ) ಇದು ಬರೇ ದಂಡದ್ದೋ ಜೈಲಿಂದೋ ಅಂತ ಠರಾಯಿಸ್ತಾರ. ಕ್ವಾಲಿಟಿ ಕಮ್ಮಿ ಅಷ್ಟ ಇದ್ರ ಎಡಿಸಿ (ಅಪರ ಜಿಲ್ಲಾಧಿಕಾರಿ) ಮುಂದ ಹೋಗ್ತೈತಿ, 5 ಲಕ್ಷದ ಮಟಾ ದಂಡ, ಅಲ್ಲಿ ಕ್ರಿಮಿನಲ್ ಕೋರ್ಟಿನ ಮಾತೇ ಇಲ್ಲ. ತಿಂದವ್ರ ಆರೋಗ್ಯಕ್ಕ ಅಪಾಯ ಅಂತ ಬಂದ್ರ ಮಾತ್ರ ಆಹಾರ ಸುರಕ್ಷತಾ ಆಯುಕ್ತರ ಮಂಜೂರಾತಿ ತಗೊಂಡು ಫುಡ್ ಆಫೀಸರ್‌ನೇ ಕೋರ್ಟಿಗೆ ಕಂಪ್ಲೇಂಟ್ ಹಾಕ್ತಾರ, ಆಮ್ಯಾಲ ವಾದ ಮಾಡಾವ್ರು ಸರ್ಕಾರಿ ವಕೀಲ್ರು. ಅಲ್ಲಿಂದ ಮುಂದ ಇಲಾಖೆಗೆ ಬ್ಯಾಡ ಅನಿಸಿದ್ರೂ ತಾನಾ ಕೇಸ್ ವಾಪಸ್ ತಗೊಳಾಕ ಬರಂಗಿಲ್ಲ, ವಕೀಲ್ರು ಅರ್ಜಿ ಹಾಕಬೇಕು, ಕೋರ್ಟ್ ಒಪ್ಪಬೇಕು. ನನ್ನ ಕೇಳಿದ್ರ ಕೇಸ್ ಸೊರಗೂದು ಇಲಾಖೆ, ಸರ್ಕಾರಿ ವಕೀಲ್ರು ಇವರಿಬ್ಬರ ನಡುವಿನ ಫೈಲಿನ್ಯಾಗ. ನೀವು ಅಂಕಿತ ಅಧಿಕಾರಿ ಆಫೀಸಿಗೆ ಆರ್‌ಟಿಐ ಹಾಕ್ರಿ, ಯಾಕಂದ್ರ ತಪ್ಪು ನಡದು ಒಂದ್ ವರ್ಷದಾಗ ಕೋರ್ಟಿಗೆ ಕೇಸ್ ಹಾಕದಿದ್ರ ಆಯುಕ್ತರು ಕಾರಣ ಬರದು ಟೈಮ್ ಕೊಡಬೇಕಾಗ್ತೈತಿ, ಅದೂ 3 ವರ್ಷದ ಮಟಾ ಅಷ್ಟ.