ಮಲಗೋವಾಗ ವಾಚ್ ಕೈಯಲ್ಲೇ ಇರ್ಲಾ, ಬಿಚ್ಚಿಡ್ಲಾ?

ಪ್ರಶ್ನೆ: ತಮ್ಮ ಅಮೆರಿಕದಿಂದ ಬಂದಾಗ ನಂಗೆ ಅಂತ ರೋಲೆಕ್ಸ್ ಡೇಟ್‌ಜಸ್ಟ್ 41 ತಂದ್ಕೊಟ್ಟ. ಇಷ್ಟು ದುಡ್ಡಿನ ವಸ್ತು ನಾನು ಕೈಗೆ ಹಾಕಿದ್ದೇ ಇಲ್ಲ. ಇದು ಆಟೋಮ್ಯಾಟಿಕ್, ಬಿಚ್ಚಿಟ್ರೆ ನಿಂತೋಗುತ್ತೆ, ಪದೇ ಪದೇ ನಿಂತ್ರೆ ಮಷೀನ್ ಹಾಳಾಗುತ್ತೆ, ಅದಕ್ಕೇ ಮಲಗೋವಾಗ್ಲೂ ಹಾಕ್ಕೊಂಡಿರು ಅಂತ ಆಫೀಸಲ್ಲೊಬ್ರು ಹೇಳಿದ್ರು, ಹಂಗೇ ಮಲಗ್ತಿದೀನಿ. ಈಗ ಬೆಳಿಗ್ಗೆ ಎದ್ರೆ ಮಣಿಕಟ್ಟು ಕೆಂಪಾಗಿ ತುರಿಕೆ, ಒಂದೊಂದು ದಿನ ಹೆಬ್ಬೆರಳ ಹಿಂಭಾಗ ಜೋಮು. ಮಗು ಪಕ್ಕದಲ್ಲೇ ಮಲಗುತ್ತೆ, ತೆಗೀರಿ ಅಂತ ಮನೆಯವಳು ದಿನಾ ಹೇಳ್ತಾಳೆ. ಏನ್ ಮಾಡ್ಲಿ?
- ದಾವಣಗೆರೆಯ ಓದುಗರು

ಉತ್ತರ: ಬಿಚ್ಚಿಟ್ಟು ಮಲಗಿ, ಇವತ್ತಿಂದ್ಲೇ. ನಿಮ್ಮ ಮನೆಯವರು ಹೇಳ್ತಿರೋದೇ ಸರಿ.

ಮೊದ್ಲು ಆ ನಿಂತೋಗೋ ಭಯ ನೋಡೋಣ. ಆಟೋಮ್ಯಾಟಿಕ್ ವಾಚೊಳಗೆ ಅರ್ಧಚಂದ್ರದ ಆಕಾರದ ಒಂದು ತೂಕ ಇರುತ್ತೆ, ರೋಟರ್ ಅಂತಾರೆ, ನೀವು ಕೈ ಆಡಿಸಿದಾಗೆಲ್ಲಾ ಅದು ತಿರುಗಿ ಸ್ಪ್ರಿಂಗಿಗೆ ಕೀ ಕೊಡ್ತಾ ಹೋಗುತ್ತೆ. ನಿಮ್ಮ ಡೇಟ್‌ಜಸ್ಟ್ 41ರ ಒಳಗಿರೋ ಮಷೀನ್ 3235 ಅನ್ನೋ ಮೂವ್‌ಮೆಂಟ್, ಪೂರ್ತಿ ಕೀ ಆಗಿದ್ರೆ ಸುಮಾರು 70 ಗಂಟೆ ಅದರಷ್ಟಕ್ಕೆ ಅದೇ ಓಡುತ್ತೆ, ಅಂದ್ರೆ ಶುಕ್ರವಾರ ರಾತ್ರಿ ಬಿಚ್ಚಿಟ್ಟು ಸೋಮವಾರ ಬೆಳಿಗ್ಗೆ ಹಾಕ್ಕೊಂಡ್ರೂ ನಡೀತಾನೇ ಇರುತ್ತೆ, ಇನ್ನು ಒಂದು ರಾತ್ರಿಯ ಏಳೆಂಟು ಗಂಟೆ ಯಾವ ಲೆಕ್ಕ. ಅದೂ ಅಲ್ದೆ ನಿದ್ದೇಲಿ ನಾವು ಕೈ ಆಡಿಸೋದೇ ಕಮ್ಮಿ, ಆಗೊಮ್ಮೆ ಈಗೊಮ್ಮೆ ಮಗ್ಗುಲು ಬದಲಿಸ್ತೀವಿ ಅಷ್ಟೇ, ಅದ್ರಿಂದ ರೋಟರಿಗೆ ಸಿಗೋದು ಚೂರೇ ಚೂರು. ನಿಂತ್ರೆ ಹಾಳಾಗುತ್ತೆ ಅನ್ನೋದೂ ನಿಜ ಅಲ್ಲ, ನಿಂತಿರೋ ಮಷೀನಲ್ಲಿ ಸವೆಯೋಕೆ ಏನಿದೆ ಹೇಳಿ? ಹಿಂದೆ ವಾಚಿಗೆ ಹಾಕ್ತಿದ್ದ ಎಣ್ಣೆ ಬೇಗ ಅಂಟಾಗ್ತಿತ್ತು, ಈ ಮಾತು ಆಗಿನಿಂದ ಉಳ್ಕೊಂಡಿರ್ಬೇಕು. ಅಕಸ್ಮಾತ್ ನಿಂತ್ರೂ ಕ್ರೌನ್, ಅಂದ್ರೆ ವಾಚಿನ ಪಕ್ಕದಲ್ಲಿರೋ ಕೀ ಗುಂಡಿ, ಅದನ್ನ ತಿರುಗಿಸಿ ಸಡಿಲ ಮಾಡಿ 25 ಸುತ್ತು ಕೀ ಕೊಟ್ಟು ಟೈಮ್ ಸೆಟ್ ಮಾಡಿ, ಕ್ರೌನನ್ನ ಒತ್ತಿ ತಿರುಗಿಸಿ ವಾಪಸ್ ಬಿಗಿ ಮಾಡ್ಬಿಟ್ರೆ ಮುಗೀತು. ಈ ಕೊನೇ ಕೆಲಸ ಮಾತ್ರ ಮರೀಬೇಡಿ, ಕ್ರೌನ್ ಸಡಿಲ ಇದ್ರೆ ನೀರು ಒಳಗೆ ಹೋಗುತ್ತೆ.

ಈಗ ಕೈ ವಿಷಯ, ನಂಗೆ ವಾಚಿಗಿಂತ ಇದೇ ಮುಖ್ಯ. ಆ ಜೋಮನ್ನ ಸುಮ್ನೆ ಬಿಡ್ಬೇಡಿ. ಹೆಬ್ಬೆರಳಿನ ಕಡೆ ಮಣಿಕಟ್ಟಿನ ಹತ್ರ ಚರ್ಮದ ಕೆಳಗೇ ಒಂದು ನರ ಹಾದು ಹೋಗುತ್ತೆ, ಬಿಗಿಯಾದ ವಾಚ್, ಬಳೆ, ಕೈಕೋಳ ಇಂಥವು ಅದನ್ನ ಒತ್ತಿದ್ರೆ ಹೆಬ್ಬೆರಳ ಹಿಂಭಾಗದಲ್ಲಿ ಜೋಮು, ಉರಿ ಬರುತ್ತೆ. ಡಾಕ್ಟರ್‌ಗಳು ಇದಕ್ಕೆ ವಾರ್ಟೆನ್‌ಬರ್ಗ್ ಸಿಂಡ್ರೋಮ್ ಅಂತಾರೆ. ಹಗಲಲ್ಲಾದ್ರೆ ಒತ್ತಿದ್ದು ಗೊತ್ತಾಗಿ ವಾಚನ್ನ ಸ್ವಲ್ಪ ಸರಿಸ್ಕೋತೀರಾ, ನಿದ್ದೇಲಿ ಕೈ ತಲೆ ಕೆಳಗೆ ಸಿಕ್ಕಾಕ್ಕೊಂಡು ಗಂಟೆಗಟ್ಲೆ ಒತ್ತಿದ್ರೂ ಎಚ್ಚರ ಆಗಲ್ಲ. ಬಿಚ್ಚಿಟ್ಟು ಮಲಗೋಕೆ ಶುರು ಮಾಡಿದ್ಮೇಲೂ ಜೋಮು ಹೋಗ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು. ಕೆಂಪು, ತುರಿಕೆ ಸಾಮಾನ್ಯವಾಗಿ ಬೆವರು ಮತ್ತೆ ಸೋಪಿನ ಅಂಶ ವಾಚ್ ಕೆಳಗೆ ಸಿಕ್ಕಾಕ್ಕೊಂಡು ಬರೋದು. ಕೆಲವರಿಗೆ ಸ್ಟೀಲಲ್ಲಿರೋ ನಿಕ್ಕಲ್ ಆಗಲ್ಲ, ಕೃತಕ ಒಡವೆ ಹಾಕಿದ್ರೂ ಕಿವಿ ಕುತ್ತಿಗೆ ಕೆಂಪಾಗೋರು ಇಂಥವರೇ, ನಿಮ್ಗೂ ಹಂಗೆ ಆಗ್ತಿದ್ರೆ ಚರ್ಮದ ಡಾಕ್ಟರಿಗೆ ಅದನ್ನ ಹೇಳಿ. ಇಡೀ ದಿನ ವಾಚ್ ಕೆಳಗಿದ್ದ ಚರ್ಮಕ್ಕೆ ರಾತ್ರಿಯಾದ್ರೂ ಗಾಳಿ ಆಡ್ಬೇಕು ಸ್ವಾಮಿ.

ಮಗು ಪಕ್ಕದಲ್ಲಿ ಮಲಗುತ್ತೆ ಅಂದ್ಮೇಲೆ ಬೇರೆ ಯೋಚ್ನೆನೇ ಬೇಡ. ಡೇಟ್‌ಜಸ್ಟಲ್ಲಿ ಗ್ಲಾಸ್ ಸುತ್ತ ಗೆರೆ ಗೆರೆ ಇರೋ ರಿಂಗ್ ಬಂದಿದ್ರೆ ಅದು 18 ಕ್ಯಾರೆಟ್ ಚಿನ್ನ, ಅದರ ಏಣುಗಳ ಮೇಲೆ ಬೆರಳಾಡಿಸಿ ನೋಡಿ, ನಿಮ್ಮ ಬೆರಳಿಗೇ ಗೊತ್ತಾಗುತ್ತೆ, ಇನ್ನು ಆ ಕೂಸಿನ ಕೆನ್ನೆ ಎಷ್ಟು ಮೆತ್ತಗಿರುತ್ತೆ. ವಾಚಿಗೂ ಒಳ್ಳೇದಲ್ಲ, ಗ್ಲಾಸ್ ಸಫೈರ್ ಆಗಿರೋದ್ರಿಂದ ಸುಲಭಕ್ಕೆ ಗೀರು ಬೀಳಲ್ಲ, ಆದ್ರೆ ಚಿನ್ನ ಮೃದು, ಮಂಚದ ತಲೆಕಟ್ಟಿಗೆ ತಗುಲಿದ್ರೆ ಗುರುತು ಬಿದ್ದೇ ಬೀಳುತ್ತೆ.

ಬಿಚ್ಚಿಟ್ರೆ ಇನ್ನೊಂದು ಲಾಭ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಮೆಕ್ಯಾನಿಕಲ್ ವಾಚ್ ಇಟ್ಟ ಭಂಗಿಗೆ ತಕ್ಕಂಗೆ ಓಡೋ ವೇಗ ಚೂರು ಬದಲಾಗುತ್ತೆ, ಡಯಲ್ ಮೇಲೆ ಮಾಡಿ ಮಲಗಿಸಿದ್ರೆ ಒಂಥರ, ಕ್ರೌನ್ ಕೆಳಗೆ ಮಾಡಿ ನಿಲ್ಲಿಸಿದ್ರೆ ಇನ್ನೊಂಥರ, ಯಾಕಂದ್ರೆ ಒಳಗೆ ಆಚೀಚೆ ಆಡ್ತಾ ಟೈಮ್ ಹಿಡಿಯೋ ಬ್ಯಾಲೆನ್ಸ್ ಚಕ್ರದ ಅಚ್ಚು ತುದಿ ಮೇಲೆ ನಿಂತಾಗ ಉಜ್ಜೋದು ಕಮ್ಮಿ, ಪಕ್ಕಕ್ಕೆ ಒರಗಿದಾಗ ಜಾಸ್ತಿ. ರೋಲೆಕ್ಸ್ ದಿನಕ್ಕೆ 2 ಸೆಕೆಂಡ್ ಆಚೀಚೆ ಅಂತ ಹೇಳುತ್ತೆ, ಆ ಚೂರನ್ನೂ ನೀವೇ ಸರಿದೂಗಿಸ್ಕೋಬಹುದು. ಮೊಬೈಲ್ ಟೈಮಿಗೆ ಸೆಕೆಂಡ್ ಮುಳ್ಳು ಹೊಂದಿಸಿ, ಕೆಲವು ರಾತ್ರಿ ಡಯಲ್ ಮೇಲೆ, ಕೆಲವು ರಾತ್ರಿ ಕ್ರೌನ್ ಕೆಳಗೆ ಇಟ್ಟು ಬೆಳಿಗ್ಗೆ ಎಷ್ಟು ಮುಂದೆ ಹಿಂದೆ ಆಯ್ತು ಬರ್ಕೊಳ್ಳಿ. ಹಗಲಲ್ಲಿ ಫಾಸ್ಟ್ ಆಗೋ ವಾಚನ್ನ ರಾತ್ರಿ ಸ್ಲೋ ಆಗೋ ಭಂಗೀಲಿ ಇಟ್ರೆ ಸರಿಹೋಗುತ್ತೆ. ಒಂದೊಂದು ವಾಚಿಗೆ ಒಂದೊಂದು ಥರ, ಹಾಗಾಗಿ ಪಕ್ಕದ್ಮನೆಯವರ ಲೆಕ್ಕ ನಿಮ್ಗೆ ಬರಲ್ಲ. ಇಡೋ ಜಾಗ ಮೆತ್ತನೆ ಬಟ್ಟೆ ಮೇಲಿರ್ಲಿ, ಮೊಬೈಲು, ಸ್ಪೀಕರು, ಅಯಸ್ಕಾಂತದ ಟ್ಯಾಬ್ ಕವರ್ ಇವುಗಳಿಗೆ ತಾಗಿಸಿ ಇಡೋದು ಬೇಡ.

ರಾತ್ರಿ ಬಸ್ಸು, ರೈಲಲ್ಲಿ ಮಾತ್ರ ಬಿಚ್ಚಿ ಬ್ಯಾಗಿಗೆ ಹಾಕ್ಬೇಡಿ, ಅಂಗಿ ತೋಳಿನೊಳಗೆ ಮುಚ್ಚಿ ಕೈಯಲ್ಲೇ ಇರ್ಲಿ, ಇಲ್ಲಾಂದ್ರೆ ಮನೇಲೇ ಬಿಟ್ಟು ಹೋಗಿ.

ಪ್ರಶ್ನೆ: ಲೆದರ್ ಸ್ಟ್ರಾಪ್ ವಾಚ್ ಹಾಕ್ಕೊಂಡೇ ಮಲಗೋ ಅಭ್ಯಾಸ ನಂದು, ಸ್ಟ್ರಾಪ್ ಕೆಟ್ಟ ವಾಸನೆ ಬರ್ತಿದೆ. ಉಪಾಯ ಇದ್ಯಾ?
- ಮಂಗಳೂರಿನ ಓದುಗರು

ಉತ್ತರ: ಕರಾವಳಿ ಸೆಕೆಗೆ ಹಗಲಲ್ಲೇ ಲೆದರ್ ಬೆವರು ಕುಡಿದಿರುತ್ತೆ, ರಾತ್ರಿಯೂ ಒಣಗೋಕೆ ಬಿಡ್ಲಿಲ್ಲ ಅಂದ್ರೆ ವಾಸನೆ ಬರ್ದೆ ಇರುತ್ತಾ? ವಾಸನೆ ಹಿಡಿದ ಸ್ಟ್ರಾಪ್ ಬದಲಾಯಿಸಿ, ಮಳೆಗಾಲ, ಬೇಸಿಗೆಗೆ ರಬ್ಬರ್ ಇಲ್ಲಾ ಸ್ಟೀಲ್ ಹಾಕ್ಕೊಳ್ಳಿ. ಹೊಸ ಲೆದರನ್ನ ರಾತ್ರಿ ಫ್ಯಾನ್ ಗಾಳೀಲಿ ಬಿಚ್ಚಿಡಿ, ಬಿಸಿಲಿಗೆ ಇಡ್ಬೇಡಿ, ಸೆಡೆದು ಬಿರುಕು ಬಿಡುತ್ತೆ.

ಪ್ರಶ್ನೆ: ನಂದು ಲಕ್ಷುರಿ ಅಲ್ಲ, ಅಜ್ಜ ಕೊಟ್ಟ ಎಚ್‌ಎಂಟಿ ಜನತಾ. ಇದನ್ನೂ ರಾತ್ರಿ ಬಿಚ್ಚಿಡ್ಬೇಕಾ?
- ತುಮಕೂರಿನ ಓದುಗರು

ಉತ್ತರ: ಇದನ್ನಂತೂ ಇನ್ನೂ ಜೋಪಾನ ಮಾಡ್ಬೇಕು. ಜಾಲಹಳ್ಳಿಯಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಶುರುವಾದ ಕಾರ್ಖಾನೆಯ ವಂಶದ ವಾಚದು, 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ ಮಾಡ್ತು, ಅಜ್ಜನ ಕೈಯಲ್ಲಿದ್ದದ್ದು ಇನ್ನೊಂದು ಎಲ್ಲಿ ಸಿಗುತ್ತೆ? ಹಳೇ ಜನತಾಗೆ ಬೆವರು ತಡೆಯೋ ಶಕ್ತಿ ಇರಲ್ಲ, ಗ್ಲಾಸೂ ಪ್ಲಾಸ್ಟಿಕ್ ಥರದ್ದು, ದಿಂಬಿನ ಜಿಪ್ಪಿಗೂ ಗೀರು ಬೀಳುತ್ತೆ. ಇದರಲ್ಲಿ ರೋಟರ್ ಇಲ್ಲ, ಹಾಕ್ಕೊಂಡು ಮಲಗಿದ್ರೆ ಕೀ ಆಗೋದೂ ಇಲ್ಲ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಕೈಗೆ ಹಾಕ್ಕೊಳ್ಳೋಕೆ ಮುಂಚೆನೇ ಕೊಡಿ, ಕೈಯಲ್ಲಿದ್ದಾಗ ತಿರುಗಿಸಿದ್ರೆ ಕೀ ಕಡ್ಡಿ ಒಂದು ಪಕ್ಕಕ್ಕೆ ಎಳೆದು ಸವೆಯುತ್ತೆ, ಬೆರಳಿಗೆ ಬಿಗಿ ಅನ್ಸಿದ ತಕ್ಷಣ ನಿಲ್ಲಿಸ್ಬಿಡಿ.